ಶನಿವಾರದ ಎರಡು ಗಂಟೆ

ನಾಲ್ಕು ವರ್ಷದ ಹಿಂದೆ ನಮ್ಮ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಒಂದು ಪಂದ್ಯ ಕಟ್ಟಿದ್ದರು: ಬಿ.ಎ. ವಿಭಾಗಕ್ಕೆ ಬೀಗ ಬೀಳಲು ಇನ್ನೆಷ್ಟು ವರ್ಷ? ವಾಣಿಜ್ಯ ವಿಭಾಗದ ಗೆಳೆಯರು ‘ಎರಡು’ ಎಂದರು. ಸೋತವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು. ಆ ವರ್ಷ ಪ್ರಥಮ ಬಿ.ಎ.ಗೆ ಸೇರಿದವರು 14 ಅಥವಾ 15 ಮಂದಿ. ಈ ವರ್ಷ 40ರ ಆಸುಪಾಸು. ದೋಸೆ ಇನ್ನೂ ಬಂದಿಲ್ಲ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇತಿಹಾಸದ ಅಧ್ಯಾಪಕ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಶುಲ್ಕ ಪಡೆದು ಕಲಿಸುವ ‘ಲಿಬರಲ್ ಆರ್ಟ್ಸ್’ ಎಂಬ, ಹಲವು ವಿದ್ಯೆಗಳನ್ನು ಬೆರೆಸಿ ಓದುವ ಕ್ರಮವನ್ನು ನಮ್ಮಲ್ಲಿ ಬಸ್ ಪಾಸಿನ ಮಕ್ಕಳಿಗೆ ಕಲಿಸಲು ಹೊರಟಾಗ ನಕ್ಕವರೇ ಹೆಚ್ಚು. ಆಡಳಿತ ಮಂಡಳಿಯ ಹಿರಿಯರೊಬ್ಬರು, ‘ಮೇಷ್ಟ್ರೇ, ಮೊದಲು ಎಫ್‌ಡಿಎ ಪರೀಕ್ಷೆಗೆ ತಯಾರು ಮಾಡಿಸಿ, ಉದಾರತೆ ಆಮೇಲೆ ನೋಡೋಣ’ ಎಂದರು.

ಮೊದಲ ವರ್ಷದ ಸೋಲಿಗೆ ನಾನೇ ಹೊಣೆ. ಹೊರಗಿನಿಂದ ಒಬ್ಬ ವಿದ್ವಾಂಸರನ್ನು ಕರೆಸಿದೆ. ಗೌರವಧನ, ಕಾರು, ಊಟ, ಹಾರ ಎಲ್ಲ ಸೇರಿ ಸುಮಾರು 6 ಸಾವಿರ. ಪರದೆಯ ಮೇಲೆ ಹಳೆಯ ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಎನಿಸಿದ್ದ ಏಳು ವಿದ್ಯೆಗಳು ಮೂಡಿದವು: ವ್ಯಾಕರಣ, ತರ್ಕ, ವಾಗ್ಮಿತೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಅರ್ಧ ತರಗತಿ ತೂಕಡಿಸುತ್ತಿತ್ತು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ಏಳರಲ್ಲಿ ಮೂರು ಲೆಕ್ಕಕ್ಕೇ ಸೇರಿದವು. ಲೆಕ್ಕ ಬರುವುದಿಲ್ಲ ಅಂತಲೇ ನಮ್ಮನ್ನು ಆರ್ಟ್ಸ್‌ಗೆ ಸೇರಿಸಿದ್ದಲ್ಲವೇ?’ ಎಂದು ಕೇಳಿದ. ವಿದ್ವಾಂಸರು ನಕ್ಕು ಗಡಿಯಾರ ನೋಡಿಕೊಂಡರು. ಆ 6 ಸಾವಿರಕ್ಕೆ ದಕ್ಕಿದ್ದು ಈ ಒಂದು ಪ್ರಶ್ನೆ. ಈಗ ಯೋಚಿಸಿದರೆ ದುಬಾರಿಯಾಗಲಿಲ್ಲ.

ಎರಡನೆಯ ಪ್ರಯತ್ನದಲ್ಲಿ ಒಂದೇ ವಿಷಯದ ಮೇಲೆ ಐದು ವಿಭಾಗದವರು ತಲಾ ಇಪ್ಪತ್ತು ನಿಮಿಷ ಮಾತನಾಡಬೇಕು ಎಂದು ಗೊತ್ತುಮಾಡಿದೆ. ವಿಷಯ ಗೊರೂರಿನ ಹೇಮಾವತಿ ಅಣೆಕಟ್ಟು. ಐದು ಹರಿಕಥೆಗಳಾದವು. ಅರ್ಥಶಾಸ್ತ್ರದವರು ನೀರಾವರಿ ಎಂದರು, ರಾಜ್ಯಶಾಸ್ತ್ರದವರು ಕಾವೇರಿ ವಿವಾದ ಎಂದರು, ಯಾರೂ ಇನ್ನೊಬ್ಬರ ಮಾತು ಕೇಳಿಸಿಕೊಳ್ಳಲಿಲ್ಲ. ಮೂರನೆಯದು ಹಳೇಬೀಡು ಪ್ರವಾಸ. ಬಾಡಿಗೆ ಬಸ್ಸಿಗೇ 9 ಸಾವಿರ ಹೋಯಿತು. ಹಿಂದಿರುಗಿದಾಗ ಮಕ್ಕಳ ಮೊಬೈಲ್‌ಗಳಲ್ಲಿ ಇದ್ದದ್ದು ಅವರದೇ ಮುಖಗಳು. ಹಿನ್ನೆಲೆಯಲ್ಲಿ ಮಸುಕಾಗಿ ಹೊಯ್ಸಳರು.

ಇಷ್ಟರಲ್ಲಿ ರಾಜ್ಯದ ಶಿಕ್ಷಣ ನೀತಿಯೂ ಹೊರಳಾಡುತ್ತಿತ್ತು. 2021ರಲ್ಲಿ ನಾಲ್ಕು ವರ್ಷದ ಪದವಿ, ಮುಕ್ತ ಆಯ್ಕೆಯ ವಿಷಯಗಳು ಬಂದವು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಪಠ್ಯಕ್ರಮ ನಂಬಿ ಕುಳಿತಿದ್ದರೆ ನಾನು ಇಂದಿಗೂ ಸುತ್ತೋಲೆ ಓದುತ್ತಲೇ ಇರುತ್ತಿದ್ದೆ. ಹಾಗಾಗಿ ವೇಳಾಪಟ್ಟಿಯ ಹೊರಗೆ, ಶನಿವಾರ ಮಧ್ಯಾಹ್ನದ ಎರಡು ಗಂಟೆಯನ್ನು ಹಿಡಿದುಕೊಂಡೆ. ನಿಯಮ ಒಂದೇ: ಯಾವ ಅಧ್ಯಾಪಕರೂ ತಮ್ಮ ವಿಷಯದ ಬಗ್ಗೆ ಬಾಯಿ ಬಿಡುವಂತಿಲ್ಲ. ಕನ್ನಡದವರು ಲೆಕ್ಕ ಹಾಕಬೇಕು, ಅರ್ಥಶಾಸ್ತ್ರದವರು ಶಾಸನ ಓದಬೇಕು, ನಾನು ಇತಿಹಾಸ ಬಿಟ್ಟು ಬೇರೇನಾದರೂ ಮಾಡಬೇಕು. ಅಧ್ಯಾಪಕರು ಮಕ್ಕಳ ಕಣ್ಣೆದುರೇ ತಡವರಿಸುತ್ತಾರೆ. ಆಗ ಮಕ್ಕಳು ನೆಟ್ಟಗೆ ಕೂರುತ್ತಾರೆ. ಇದಕ್ಕೆ ಅರ್ಥಶಾಸ್ತ್ರದವರನ್ನು ಒಪ್ಪಿಸಿದ್ದು ಹೇಗೆ ಎಂಬುದನ್ನು ಮಾತ್ರ ಬರೆಯಲಾರೆ. ಅವರು ಇದನ್ನು ಓದುತ್ತಾರೆ.

ಮೊದಲು ಕುದುರಿದ್ದು ಹಲ್ಮಿಡಿ. ಬೇಲೂರು ತಾಲ್ಲೂಕಿನ ಊರು. ಶಾಸನದ ಮೂಲ ಕಲ್ಲು ಅಲ್ಲಿಲ್ಲ, ಪ್ರತಿಕೃತಿ ಇದೆ. ಸಾಮಾನ್ಯ ಬಸ್ಸಿನಲ್ಲಿ, ನಂತರ ಗೂಡ್ಸ್ ಆಟೋದಲ್ಲಿ ಹೋದೆವು. ಒಟ್ಟು ಖರ್ಚು 1,200 ದಾಟಲಿಲ್ಲ. 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದು ಎನ್ನುವ ಹದಿನಾರು ಸಾಲುಗಳು. ಇದೆಲ್ಲ ಪಿಯುಸಿಯಲ್ಲೇ ಬಾಯಿಪಾಠವಾಗಿರುತ್ತದೆ. ನಾವು ಹಿಡಿದದ್ದು ಒಂದೇ ಪದವನ್ನು: ‘ಬಾಳ್ಗಳ್ಚು’. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಯುದ್ಧದಲ್ಲಿ ಪರಾಕ್ರಮ ತೋರಿದವನ ಕತ್ತಿ ತೊಳೆದು ಕೊಟ್ಟ ದತ್ತಿ. ವಿಜ ಅರಸನಿಗೆ ಹೀಗೆ ಸಿಕ್ಕಿದ್ದು ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರು. ಅರ್ಥಶಾಸ್ತ್ರದವರು ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದಾಗ, ಅರಕಲಗೂಡು ಕಡೆಯ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: ‘ಸಾರ್, ಊರು ಕೊಟ್ಟರು ಸರಿ. ಆ ಊರಿನಲ್ಲಿ ಆಗಲೇ ಉಳುತ್ತಿದ್ದವರನ್ನು ಯಾರಾದರೂ ಕೇಳಿದರಾ?’

ಇಪ್ಪತ್ತೆರಡು ವರ್ಷ ಈ ಶಾಸನವನ್ನು ಪಾಠ ಮಾಡಿದ್ದೇನೆ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮುಂದಿನ ಆರು ಶನಿವಾರ ಆ ಪ್ರಶ್ನೆಯ ಬೆನ್ನಿಗೇ ಬಿದ್ದೆವು. ದತ್ತಿಯಿಂದ ಇನಾಮಿಗೆ, ಅಂದರೆ ಅರಸರು ಉಂಬಳಿ ಕೊಟ್ಟ ಭೂಮಿಗೆ ಬಂದೆವು, ಇನಾಮಿನಿಂದ ಮೈಸೂರು ರಾಜ್ಯದ 1954ರ ಇನಾಮು ರದ್ದತಿ ಕಾಯ್ದೆಗೆ, ಅಲ್ಲಿಂದ 1974ರ ಭೂಸುಧಾರಣೆಗೆ. ಮಕ್ಕಳಿಗೆ ಮನೆಯ ಪಹಣಿ ತರಲು ಹೇಳಿದೆ. ಅದೇ ಹುಡುಗಿ ತನ್ನ ತಾತನ ಹಳೆಯ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದಳು. ಮಡಿಕೆ ಬಿದ್ದ ಕಡೆ ಹರಿದು, ಅನ್ನದ ಅಗುಳಿನಿಂದ ಅಂಟಿಸಿದ್ದರು. ಗೇಣಿದಾರರ ಅಂಕಣದಲ್ಲಿ ತಾತನ ಹೆಸರಿತ್ತು. ಎಕರೆ, ಗುಂಟೆ ಕೂಡಿಸಲು ಕನ್ನಡದ ಮೇಡಂ ಬೋರ್ಡಿನ ಮುಂದೆ ನಿಂತರು, ಎರಡು ಸಲ ತಪ್ಪಿದರು. ನಲವತ್ತು ಗುಂಟೆಗೆ ಒಂದು ಎಕರೆ ಎಂದು ತಿದ್ದಿದವನು ಲೆಕ್ಕ ಬಾರದೆಂದು ಆರ್ಟ್ಸ್‌ಗೆ ಬಂದ ಹುಡುಗನೊಬ್ಬ.

ನಡುವೆ ಒಂದು ಅಡ್ಡ ಹುಚ್ಚು. ಕಾಲೇಜಿನ ಹಿಂದಿನ ಊರಿನಲ್ಲಿ ಒಂದು ವೀರಗಲ್ಲಿದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದೆದುರು ಅವನು ಕುಳಿತಿರುವುದು. ಪಟ್ಟಿಕೆಯಲ್ಲಿ ಸವೆದ ಅಕ್ಷರಗಳಿದ್ದವು. ಒದ್ದೆ ಕಾಗದ ಹಾಸಿ ಪಡಿಯಚ್ಚು ತೆಗೆಯಲು ಹೋದೆ. ತೆಳು ಡ್ರಾಯಿಂಗ್ ಹಾಳೆ ಹರಿಯಿತು, ದಪ್ಪ ಹಾಳೆ ಅಕ್ಷರದೊಳಗೆ ಇಳಿಯಲಿಲ್ಲ. ಹಾಳೆ, ಮಸಿ, ಬ್ರಷ್ಷು ಎಂದು ಕೈಯಿಂದ 700 ರೂಪಾಯಿ ಹೋಯಿತು. ಕೊನೆಗೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಅಡ್ಡಲಾಗಿ ಹಿಡಿದಾಗ ಮೂರು ಸಾಲು ತಾವಾಗಿ ಎದ್ದು ಬಂದವು. ಕೆಲವರು ಮೈದಾ ಹಿಟ್ಟು ತಿಕ್ಕುತ್ತಾರೆ, ಕಲ್ಲು ಹಾಳು, ಮಾಡಬೇಡಿ. ಟಾರ್ಚನ್ನು ಎಡದಿಂದ ಹಿಡಿಯಬೇಕೋ ಬಲದಿಂದಲೋ ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪೋಷಕರು ಕೇಳುವುದು ಕೆಲಸದ ಬಗ್ಗೆ. ಕೇಳಲೇಬೇಕು, ಕೂಲಿ ಮಾಡಿ ಓದಿಸುತ್ತಾರೆ. ಮೊದಲ ತಂಡದ ಹದಿನೈದು ಜನರಲ್ಲಿ ನನ್ನ ನೆನಪಿನಂತೆ ನಾಲ್ವರು ಬಿ.ಎಡ್. ಸೇರಿದರು, ಇಬ್ಬರು ಕಾನೂನಿಗೆ ಹೋದರು, ಒಬ್ಬ ಪೊಲೀಸ್ ಪೇದೆಯಾದ, ಒಬ್ಬಳು ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವ ಅಂಗಡಿ ಇಟ್ಟಿದ್ದಾಳೆ. ಆ ಅಂಗಡಿಯವಳು ಪಹಣಿಯ ಹುಡುಗಿಯೇ. ಪಹಣಿಯ ಪ್ರತಿ ಅಂಕಣ ಯಾಕೆ ಹುಟ್ಟಿತು ಎಂದು ಬಂದವರಿಗೆ ವಿವರಿಸುತ್ತಾಳೆ. ಹೀಗಾಗಿ ಸಾಲು ಉದ್ದವಾಗುತ್ತದೆ ಎಂದು ಪಕ್ಕದ ಅಂಗಡಿಯವರ ದೂರು. ಬಿ.ಎ. ಎಂದರೇನು ಎಂದು ಕೇಳುವ ಪೋಷಕರನ್ನು ಈಗ ನಾನು ನೇರ ಅಲ್ಲಿಗೆ ಕಳಿಸುತ್ತೇನೆ.

ಈ ಶನಿವಾರಗಳಿಗೆ ವರ್ಷಕ್ಕೆ ಒಟ್ಟು ಖರ್ಚು 8 ಸಾವಿರದ ಒಳಗೆ. ಅರ್ಧ ನನ್ನ ಜೇಬಿನದು, ಉಳಿದದ್ದು ಅಧ್ಯಾಪಕರ ಚಂದಾ. ಎಲ್ಲ ಶನಿವಾರಗಳೂ ಕುದುರಿದವು ಎಂದೇನಿಲ್ಲ. ಸಂಗೀತದ ಶ್ರುತಿಯನ್ನು ತಂತಿಯ ಅಳತೆಯಿಂದ ತೋರಿಸಲು ಹೋಗಿ ಬಾಡಿಗೆ ತಂಬೂರಿಯ ತಂತಿ ಕಿತ್ತು 350 ರೂಪಾಯಿ ದಂಡ ಕಟ್ಟಿದ್ದೇನೆ. ಆಲೂಗಡ್ಡೆ ಸಂತೆಯ ಶನಿವಾರಕ್ಕೆ ಮಳೆ ಬಂದು ಮೂರೇ ಜನ ಬಂದರು.

ಕಳೆದ ತಿಂಗಳು ವಾಣಿಜ್ಯದ ಗೆಳೆಯರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ಅವರದು ಸಕಲೇಶಪುರದ ಕಡೆ ಸ್ವಲ್ಪ ಕಾಫಿ ತೋಟ. ಐವತ್ತು ಕಿಲೋ ಚೆರಿ ಮೂಟೆಯಿಂದ ಎಷ್ಟು ಕಿಲೋ ಬೀಜ ಬರುತ್ತದೆ, ಓಟಿ (ಔಟ್‌ಟರ್ನ್) ಎನ್ನುವ ಆ ಪ್ರಮಾಣವನ್ನು ವ್ಯಾಪಾರಿ ಹೇಗೆ ಲೆಕ್ಕ ಹಾಕುತ್ತಾನೆ ಎಂಬುದನ್ನು ಒಂದು ಶನಿವಾರ ತಾವೇ ತೋರಿಸುತ್ತೇನೆ ಎಂದರು. ನಿಯಮ ನಿಯಮವೇ, ತಮ್ಮ ವಿಷಯ ಮಾತನಾಡುವಂತಿಲ್ಲ ಎಂದೆ. ಮೂಟೆ ಅವರು ತರಲಿ, ತಕ್ಕಡಿ ಹಿಡಿಯುವುದು ಕನ್ನಡದ ಮೇಡಂ. ವಾಣಿಜ್ಯದ ಗೆಳೆಯರಿಗೆ ಬಾಬಾಬುಡನ್‌ಗಿರಿಯ ಏಳು ಕಾಫಿ ಬೀಜಗಳ ಐತಿಹ್ಯ ಕೊಟ್ಟಿದ್ದೇವೆ. ಮನೆಯಲ್ಲಿ ಓದಿಕೊಳ್ಳುತ್ತಿದ್ದಾರಂತೆ.