ಚಿಕ್ಕಮಗಳೂರಿನ ಪಿನ್ ಕೋಡ್ ಬಿಡಿಸುವುದು ಹೇಗೆ?

ದೊಡ್ಡದೊಂದು ಸಂಖ್ಯೆ ಕೊಟ್ಟು ‘ಇದರ ಗುಣ ಹೇಳು’ ಅಂದರೆ ಮಕ್ಕಳು ಮೊಬೈಲ್ ಹುಡುಕುತ್ತಾರೆ. ಬೇಡ, ಪೆನ್ನು, ಹಾಳೆ ಸಾಕು. ಸಂಖ್ಯೆಯೂ ವಿಳಾಸದ ಕೊನೆಯಲ್ಲೇ ಇದೆ: 577101.

1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಅಂಚೆಯವರಿಗೆ ಅದು ಬರೀ ಗುರುತು. ಕೊನೆಯ ಮೂರು ಅಂಕಿ ಅಂಚೆ ಕಚೇರಿಯದ್ದು. ನಮಗೆ ಮಾತ್ರ ಇದು ಐದು ಲಕ್ಷದ ಎಪ್ಪತ್ತೇಳು ಸಾವಿರದ ನೂರಾ ಒಂದು.

ಮೊದಲು ಕೊನೆಯ ಅಂಕಿ ನೋಡಿ. 1 ಇದೆ, ಹಾಗಾಗಿ ಬೆಸ. 2, 5 ಎರಡರಿಂದಲೂ ಭಾಗವಾಗುವುದಿಲ್ಲ. ಆಮೇಲೆ ಅಂಕಿಗಳನ್ನು ಕೂಡಿ: 5+7+7+1+0+1 = 21. ಇದು ಮೂರರ ಮಗ್ಗಿಯಲ್ಲಿದೆ, ಒಂಬತ್ತರದ್ದರಲ್ಲಿ ಇಲ್ಲ. ಅಂದರೆ ನಮ್ಮ ಸಂಖ್ಯೆ 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ. ಈ 21 ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಈಗ ನನಗೆ ಜಾಸ್ತಿ ಇಷ್ಟವಾದ ಹೆಜ್ಜೆ. ಸಂಖ್ಯೆಯನ್ನು ನಡುವೆ ಸೀಳಿ ಕಳೆಯಿರಿ: 577 − 101 = 476. ಈ 476 ಏಳರಿಂದ ಭಾಗವಾದರೆ ಇಡೀ ಸಂಖ್ಯೆಯೂ ಆಗುತ್ತದೆ. 11, 13ಕ್ಕೂ ಇದೇ ಮಾತು. ಯಾಕೆ? 7×11×13 = 1001. ನಮ್ಮ ಸಂಖ್ಯೆಯೋ, 577×1001ರಲ್ಲಿ 476 ಕಳೆದದ್ದು. ಸುಮ್ನೆ ನಂಬಬೇಡಿ, ಗುಣಿಸಿ ನೋಡಿ. 476 = 7×68, ಆದ್ದರಿಂದ 7 ಸಿಕ್ಕಿತು. 11, 13 ಸಿಗಲಿಲ್ಲ. ಒಂದೇ ಕಳೆಯುವ ಲೆಕ್ಕದಲ್ಲಿ ಮೂರು ಪರೀಕ್ಷೆ!

3 ಮತ್ತು 7ರಿಂದ ಭಾಗಿಸಿದರೆ ಉಳಿಯುವುದು 27481. ಇದು ಅವಿಭಾಜ್ಯವೇ? ಇಲ್ಲಿ ಬೆವರು ಸುರಿಸಬೇಕು. ಆದರೆ 27481ರವರೆಗೂ ಹೋಗಬೇಕಿಲ್ಲ. 166×166 ಆಗಲೇ ಇದನ್ನು ದಾಟುತ್ತದೆ. ಒಂದು ಅಪವರ್ತನ 166ಕ್ಕಿಂತ ದೊಡ್ಡದಾದರೆ ಅದರ ಜೋಡಿ ಚಿಕ್ಕದಿರಲೇಬೇಕು, ಅಲ್ವಾ? 3 ಮತ್ತು 7 ಇದರಲ್ಲೂ ಮತ್ತೆ ಇಲ್ಲ ಎಂದು ನೋಡಿಕೊಂಡು, 17ರಿಂದ 163ರವರೆಗಿನ 32 ಅವಿಭಾಜ್ಯಗಳಿಂದ ಭಾಗಿಸಿ. 151ರ ಹತ್ತಿರ ಎದೆ ಹೊಡೆದುಕೊಳ್ಳುತ್ತದೆ: 151×182 = 27482. ಒಂದೇ ಒಂದರಲ್ಲಿ ತಪ್ಪಿತು! ಯಾವುದರಿಂದಲೂ ಭಾಗವಾಗುವುದಿಲ್ಲ. 27481 ಅವಿಭಾಜ್ಯವೇ.

ಹಾಗಾದರೆ 577101 = 3×7×27481. ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ. ಒಟ್ಟು ಎಂಟು ಅಪವರ್ತನ. ತನ್ನನ್ನು ಬಿಟ್ಟು ಉಳಿದವನ್ನು ಕೂಡಿದರೆ 302323, ಸಂಖ್ಯೆಗಿಂತ ಕಡಿಮೆ. 6ರಂತೆ (1+2+3) ಪರಿಪೂರ್ಣ ಅಲ್ಲ, ಕೊರತೆಯ ಸಂಖ್ಯೆ.

ಬರೆದಿಟ್ಟ 21 ಈಗ ನೋಡಿ. 3×7 ಅಂದರೂ 21! ಅಂಕಿಗಳ ಮೊತ್ತದಿಂದಲೇ ಸಂಖ್ಯೆ ನಿಶ್ಶೇಷವಾಗಿ ಭಾಗವಾಯಿತು. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ.ಆರ್. ಕಾಪ್ರೇಕರ್ ಇಂಥವನ್ನು ಹರ್ಷದ ಸಂಖ್ಯೆ ಎಂದು ಕರೆದರು.

ಪಕ್ಕದ ಹಾಸನದ 573201? ಮೊತ್ತ 18, ಸಮ. ಸಂಖ್ಯೆ ಬೆಸ. ಭಾಗಿಸುವ ಕಷ್ಟವೂ ಬೇಡ, ಇದು ಹರ್ಷದ ಅಲ್ಲ. ಹಾಸನದವರು ಬೇಜಾರು ಮಾಡ್ಕೋಬೇಡಿ: 9ರಿಂದ ಭಾಗವಾಗುವುದು ನಿಮ್ಮದೇ.