ಪೋಸ್ಟರ್ ಮುಂದೆ ನಿಲ್ಲುವ ಮೊದಲು

ಸಂಶೋಧನಾ ಸಮ್ಮೇಳನದ ಪೋಸ್ಟರ್ ಅಂದರೆ ನಿಮ್ಮ ಸಂಶೋಧನಾ ಪೇಪರನ್ನು ದೊಡ್ಡದು ಮಾಡಿ ಬೋರ್ಡಿಗೆ ಅಂಟಿಸುವುದಲ್ಲ. ಜನ ಕೈಯಲ್ಲಿ ಕಾಫಿ ಹಿಡಿದು ಸಾಲು ಸಾಲು ಪೋಸ್ಟರ್‌ಗಳ ನಡುವೆ ಓಡಾಡುತ್ತಾ ಇರುತ್ತಾರೆ. ಅವರಲ್ಲಿ ನಾಲ್ಕು ಜನ ನಿಂತು ನಿಮ್ಮ ಜೊತೆ ಮಾತಾಡಬೇಕು, ಪೋಸ್ಟರ್ ಇರುವುದೇ ಅದಕ್ಕೆ.

ಮೊದಲು ಆಯೋಜಕರ ಸೂಚನೆ ಓದಿ. ಹೆಚ್ಚಾಗಿ ಎ0 ಕೇಳುತ್ತಾರೆ, ಅಂದರೆ 841 × 1189 ಮಿ.ಮೀ. ಉದ್ದಕ್ಕೋ ಅಡ್ಡಕ್ಕೋ ಅನ್ನುವುದನ್ನೂ ನೋಡಿಕೊಂಡು, ಫೈಲ್‌ನಲ್ಲಿ ಆ ಅಳತೆ ಹಾಕಿದ ಮೇಲೇ ಕೆಲಸ ಶುರು ಮಾಡಿ.

ಶೀರ್ಷಿಕೆಯಲ್ಲೇ ಫಲಿತಾಂಶ ಹೇಳಿಬಿಡಿ. ನಿಮ್ಮದು ರಾಗಿಯ ಮೇಲಿನ ಕೆಲಸ ಅಂದುಕೊಳ್ಳಿ. ‘ರಾಗಿಯ ಬೆಂಕಿ ರೋಗದ ಕುರಿತು ಒಂದು ಅಧ್ಯಯನ’ ಅಂದರೆ ಯಾರಿಗೆ ಏನು ಗೊತ್ತಾಗುತ್ತೆ? ‘ತಡವಾಗಿ ಬಿತ್ತಿದ ರಾಗಿಗೆ ಬೆಂಕಿ ರೋಗ ಜಾಸ್ತಿ’ ಅಂತ ಬರೆದರೆ ಆ ವಿಷಯದವರು ತಾವಾಗಿಯೇ ನಿಲ್ಲುತ್ತಾರೆ.

ಅಕ್ಷರ 24 ಪಾಯಿಂಟ್‌ಗಿಂತ ಸಣ್ಣದು ಬೇಡ, ಶೀರ್ಷಿಕೆ 80ರ ಮೇಲಿರಲಿ. ಇದನ್ನು ಪರೀಕ್ಷಿಸಲು ಇಡೀ ಪೋಸ್ಟರನ್ನು ಒಂದು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ಎ0ಯ ಉದ್ದ, ಅಗಲ ಎರಡೂ ಎ4ರ ನಾಲ್ಕರಷ್ಟು, ಹಾಗಾಗಿ 24 ಪಾಯಿಂಟ್ ಅಕ್ಷರ ಅಲ್ಲಿ 6 ಆಗುತ್ತದೆ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಓದೋಕೆ ಆಗದಿದ್ದರೆ ಬೋರ್ಡಿನ ಮೇಲೂ ಕಷ್ಟವೇ. ಆಗ ಅಕ್ಷರ ದೊಡ್ಡದು ಮಾಡಿ, ಮಾತು ಕಡಿಮೆ ಮಾಡಿ. ಪೀಠಿಕೆಯ ಮುಕ್ಕಾಲು ಭಾಗ ಧೈರ್ಯವಾಗಿ ತೆಗೆಯಬಹುದು.

ಗ್ರಾಫ್ ಎರಡೋ ಮೂರೋ ಸಾಕು. ಪೇಪರಿನಿಂದ ಎತ್ತಿ ಹಾಕಬೇಡಿ, ಅಕ್ಷ ಮತ್ತು ಅಂಕಿಗಳು ದೊಡ್ಡದಾಗಿ ಕಾಣುವಂತೆ ಹೊಸದಾಗಿ ಬರೆಯಿರಿ. ಕೆಂಪು-ಹಸಿರಿನ ವ್ಯತ್ಯಾಸ ಕಾಣದವರು, ಅದರಲ್ಲೂ ಗಂಡಸರು, ಸಾಕಷ್ಟು ಜನ ಇದ್ದಾರೆ. ನೀಲಿ-ಕಿತ್ತಳೆ ಬಳಸಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಹಾಕಬೇಡಿ, ದೊಡ್ಡದು ಮಾಡಿದರೆ ಮಸುಕಾಗುತ್ತದೆ.

ಪ್ರಿಂಟಿಗೆ ಪಿಡಿಎಫ್ ಕೊಡಿ. ಕೊಡುವ ಮುಂಚೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ಮ್ಯೂ (µ), ಡಿಗ್ರಿಯಂಥ (°) ಚಿಹ್ನೆಗಳು ಸರಿಯಾಗಿ ಬಂದಿವೆಯಾ ನೋಡಿ. ದೂರ ಹೋಗುವುದಾದರೆ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಬಹುದು, ಮಡಚಿ ಬ್ಯಾಗಿಗೆ ಹಾಕಿಕೊಂಡರಾಯಿತು. ಇನ್ನೂ ಪ್ರಕಟವಾಗದ ಡೇಟಾ ಇದ್ದರೆ ಗೈಡ್ ಜೊತೆ ಮೊದಲೇ ಮಾತಾಡಿ, ಯಾಕಂದರೆ ಜನ ಫೋಟೋ ತೆಗೆದುಕೊಳ್ಳುತ್ತಾರೆ.

ಇನ್ನು ಮಾತು. ನನ್ನ ಪ್ರಕಾರ ಜಾಸ್ತಿ ತಯಾರಿ ಬೇಕಾಗಿರುವುದು ಇದಕ್ಕೇ, ಆದರೆ ಎಲ್ಲರೂ ಬಣ್ಣ, ಫಾಂಟ್ ಅಂತ ರಾತ್ರಿಯೆಲ್ಲಾ ಕಳೆದು ಇದನ್ನು ಬಿಟ್ಟುಬಿಡುತ್ತಾರೆ. ಎರಡು ನಿಮಿಷದಲ್ಲಿ ಏನು ಪ್ರಶ್ನೆ, ಏನು ಮಾಡಿದಿರಿ, ಏನು ಸಿಕ್ಕಿತು ಇಷ್ಟು ಹೇಳಲು ಬರಬೇಕು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿಗೆ ಹೆದರುವವರು ಮೊದಲು ಮನೆಯಲ್ಲಿ ಅಮ್ಮನಿಗೋ ತಮ್ಮನಿಗೋ ಕನ್ನಡದಲ್ಲೇ ಹೇಳಿ ನೋಡಿ. ಅವರು ಎಲ್ಲಿ ‘ಅಂದ್ರೆ?’ ಅಂತಾರೋ ಅಲ್ಲಿ ನಿಮ್ಮ ವಿವರಣೆ ಇನ್ನೂ ಗಟ್ಟಿಯಾಗಬೇಕು. ವಿಷಯ ತಲೆಯಲ್ಲಿ ಸರಿಯಾಗಿ ಕೂತ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಸಾಕು. ಬಾಯಿಪಾಠ ಮಾತ್ರ ಬೇಡ, ಮಧ್ಯೆ ಯಾರಾದರೂ ಪ್ರಶ್ನೆ ಕೇಳಿದರೆ ದಾರಿ ತಪ್ಪುತ್ತದೆ.

ಸಮ್ಮೇಳನದಲ್ಲಿ ಪೋಸ್ಟರಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಬಂದವರನ್ನು ‘ನೀವು ಯಾವ ವಿಷಯದಲ್ಲಿ ಕೆಲಸ ಮಾಡ್ತೀರಿ?’ ಅಂತ ಮೊದಲೇ ಕೇಳಿ, ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಪ್ರಶ್ನೆಯನ್ನೂ ಕೇಳಿದವರ ಇಮೇಲನ್ನೂ ಬರೆದಿಟ್ಟುಕೊಳ್ಳಿ. ಊರಿಗೆ ಬಂದ ವಾರದೊಳಗೆ ಅವರಿಗೆ ಉತ್ತರ ಬರೆಯಿರಿ, ತಡವಾದರೆ ಅವರಿಗೆ ನಿಮ್ಮ ನೆನಪಿರುವುದಿಲ್ಲ.