ಕಾಲೇಜು ಆಟಗಾರರಿಗೆ ಜಾಹೀರಾತು ಹಣ: ಸಹಿ ಹಾಕುವ ಮುನ್ನ

2021ರ ಜೂನ್ 30ರವರೆಗೂ ಅಮೆರಿಕದ ಕಾಲೇಜು ಆಟಗಾರನೊಬ್ಬ ಊರಿನ ಪಿಜ್ಜಾ ಅಂಗಡಿಯ ಜಾಹೀರಾತಿಗೆ ಮುಖ ಕೊಟ್ಟು ನೂರು ಡಾಲರ್ ಪಡೆದರೆ, ಆಡುವ ಅರ್ಹತೆಯನ್ನೇ ಕಳೆದುಕೊಳ್ಳುವ ಭಯವಿತ್ತು. ಮರುದಿನ ಕಾಲೇಜು ಕ್ರೀಡೆಯ ಸಂಸ್ಥೆ ಎನ್‌ಸಿಎಎ ಆ ನಿರ್ಬಂಧವನ್ನು ಸಡಿಲಿಸಿತು. ಅದೇ ದಿನ ಫ್ರೆಸ್ನೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಅವಳಿಗಳಾದ ಹೇಲಿ ಮತ್ತು ಹ್ಯಾನಾ ಕ್ಯಾವಿಂಡರ್ ಮೊಬೈಲ್ ಸೇವಾ ಕಂಪನಿಯೊಂದರ ಜೊತೆ ಸಹಿ ಹಾಕಿದರು. ಆಟಗಾರರ ಹೆಸರು, ಚಿತ್ರ, ಚಹರೆ ಅವರದೇ ಸ್ವತ್ತು ಎಂಬ ಈ ವ್ಯವಸ್ಥೆಗೆ ಅಲ್ಲಿ ಎನ್‌ಐಎಲ್ ಎನ್ನುತ್ತಾರೆ. ಇದು ಬಹಳ ಹಿಂದೆಯೇ ಆಗಬೇಕಿದ್ದ ನ್ಯಾಯ. ಆದರೆ ಹದಿನೆಂಟು ವರ್ಷದ ಮಕ್ಕಳ ಕೈಗೆ ಈಗ ಕರಾರುಪತ್ರಗಳು ಬರುತ್ತಿವೆ. ಟೆನಿಸ್, ಈಜು, ಗಾಲ್ಫ್ ಆಡುವ ಮಕ್ಕಳಿರುವ ಕನ್ನಡದ ಮನೆಗಳೂ ಇದನ್ನು ತಿಳಿದಿರಬೇಕು.

ಮೊದಲು ವೀಸಾ ನೋಡಿ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ಈ ಹೆಜ್ಜೆ ದಾಟಿ ಮುಂದೆ ಹೋಗಿ. ಇಲ್ಲಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರು ಮಾತ್ರ ನಿಲ್ಲಬೇಕು. ಆ ವೀಸಾದಲ್ಲಿ ದುಡಿಮೆಗೆ ಬಿಗಿಯಾದ ಮಿತಿಯಿದೆ. ಜಾಹೀರಾತಿನ ಚಿತ್ರೀಕರಣ, ಹಣಕ್ಕಾಗಿ ಹಾಕುವ ಪೋಸ್ಟ್ ಕೂಡ ದುಡಿಮೆ ಎನಿಸಿಕೊಳ್ಳಬಹುದು. ವೀಸಾಕ್ಕೆ ಕುತ್ತು ಬಂದರೆ ಆಟವೂ ಹೋಯಿತು, ಪದವಿಯೂ ಹೋಯಿತು. ಕೆಂಟಕಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಕಾಂಗೊ ಮೂಲದ ಆಟಗಾರ ಆಸ್ಕರ್ ಶೀಬ್ವೆ 2022ರಲ್ಲಿ ತಂಡದ ಜೊತೆ ಅಮೆರಿಕದ ಹೊರಗಿನ ಬಹಾಮಾಸ್‌ಗೆ ಹೋದಾಗ ತನ್ನ ಪ್ರಚಾರದ ಕೆಲಸಗಳನ್ನು ಅಲ್ಲಿ ಮಾಡಿದ್ದು ಈ ಕಾರಣಕ್ಕೇ. ಕೋಚ್ ‘ಪರವಾಗಿಲ್ಲ’ ಎಂದರೆ ಸಾಲದು. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಿಮ್ಮ ರಾಜ್ಯದ, ಕಾಲೇಜಿನ ನಿಯಮ ಓದಿ. ಮದ್ಯ, ತಂಬಾಕು, ಜೂಜಿನ ಜಾಹೀರಾತಿಗೆ ಹಲವೆಡೆ ನಿಷೇಧವಿದೆ. ಕಾಲೇಜಿನ ಲಾಂಛನವಿರುವ ಜೆರ್ಸಿ ತೊಟ್ಟು ಚಿತ್ರ ತೆಗೆಸಿಕೊಳ್ಳಲು ಅನುಮತಿ ಬೇಕು.

ಸಣ್ಣ ಒಪ್ಪಂದವನ್ನು ಕಡೆಗಣಿಸಬೇಡಿ. ನೆಬ್ರಾಸ್ಕ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಬಂದ ಡಿಕೋಲ್ಡೆಸ್ಟ್ ಕ್ರಾಫರ್ಡ್‌ನ ಹೆಸರಿಗೆ ಇಂಗ್ಲಿಷಿನಲ್ಲಿ ‘ಎಲ್ಲರಿಗಿಂತ ತಣ್ಣಗಿರುವವನು’ ಎಂಬ ಅರ್ಥ ಬರುತ್ತದೆ. ಊರಿನ ಎ.ಸಿ. ರಿಪೇರಿ ಕಂಪನಿ 2022ರಲ್ಲಿ ಅವನನ್ನೇ ತನ್ನ ಜಾಹೀರಾತಿಗೆ ಹಾಕಿಕೊಂಡಿತು. ಊರಿನ ಹೋಟೆಲು, ಜಿಮ್, ಮಕ್ಕಳಿಗೆ ತರಬೇತಿ ಶಿಬಿರ: ಹೆಚ್ಚಿನವರ ಆರಂಭ ಇಂಥಲ್ಲೇ.

ಕರಾರನ್ನು ಸಾಲು ಸಾಲಾಗಿ ಓದಿ. ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಜೆರ್ವಾನ್ ಡೆಕ್ಸ್‌ಟರ್ 2022ರಲ್ಲಿ ಕಂಪನಿಯೊಂದರಿಂದ 4,36,485 ಡಾಲರ್ ಪಡೆದು ಸಹಿ ಹಾಕಿದ. ಪ್ರತಿಯಾಗಿ ವೃತ್ತಿಪರ ಫುಟ್‌ಬಾಲ್‌ನಲ್ಲಿ ಗಳಿಸುವ ಹಣದಲ್ಲಿ, ತೆರಿಗೆಗೆ ಮುನ್ನವೇ, ಶೇ 15ರಷ್ಟನ್ನು 25 ವರ್ಷ ಕೊಡಬೇಕಿತ್ತು. ಮರುವರ್ಷ ವೃತ್ತಿಪರ ತಂಡ ಶಿಕಾಗೊ ಬೇರ್ಸ್ ಅವನನ್ನು ಆರಿಸಿಕೊಂಡಿತು, ಆ ಕರಾರಿನಿಂದ ಬಿಡಿಸಿಕೊಳ್ಳಲು ಅವನು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಮುಂದಿನ ಗಳಿಕೆಯಲ್ಲಿ ಪಾಲು ಕೇಳುವ ಕಾಗದಕ್ಕೆ, ಎಷ್ಟೇ ಹಣ ತೋರಿಸಲಿ, ಸಹಿ ಹಾಕಬೇಡಿ ಎಂದೇ ನಾನು ಹೇಳುತ್ತೇನೆ.

‘ಚಿತ್ರವನ್ನು ಶಾಶ್ವತವಾಗಿ, ಜಗತ್ತಿನಾದ್ಯಂತ, ಯಾವುದೇ ಮಾಧ್ಯಮದಲ್ಲಿ ಬಳಸುವ ಹಕ್ಕು’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಅದನ್ನು ‘ಆರು ತಿಂಗಳು, ಇನ್‌ಸ್ಟಾಗ್ರಾಮ್‌ನಲ್ಲಿ ಮಾತ್ರ’ ಎಂದು ಬದಲಿಸಲು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಎಷ್ಟು ಪೋಸ್ಟ್, ಯಾವ ತಾರೀಖಿಗೆ ಹಣ, ಗಾಯಗೊಂಡರೆ ಅಥವಾ ಕಾಲೇಜು ಬದಲಿಸಿದರೆ ಏನು, ಬೇರೆ ಬ್ರ್ಯಾಂಡಿಗೆ ಕೆಲಸ ಮಾಡಬಹುದೇ: ನಾಲ್ಕಕ್ಕೂ ಕಾಗದದಲ್ಲೇ ಉತ್ತರವಿರಬೇಕು.

ಒಪ್ಪಂದವನ್ನು ವರದಿ ಮಾಡಿ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟ ಮೇಲೆ, ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಪ್ರತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಹೊರಗಿನವರ ಜೊತೆ 600 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಒಪ್ಪಂದವಾದರೆ, ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಡಿವಿಷನ್ 1ರ ಆಟಗಾರರು ಅದನ್ನು ‘ಎನ್‌ಐಎಲ್ ಗೋ’ ಎಂಬ ಜಾಲತಾಣದಲ್ಲಿ ಐದು ಕೆಲಸದ ದಿನಗಳೊಳಗೆ ದಾಖಲಿಸಬೇಕು. ಅದು ನಿಜವಾದ ವ್ಯಾಪಾರವೇ, ಬೆಲೆ ನ್ಯಾಯವಾಗಿದೆಯೇ ಎಂದು ಅಲ್ಲಿ ಪರಿಶೀಲಿಸುತ್ತಾರೆ.

ತೆರಿಗೆಯ ಪಾಲನ್ನು ಅಂದೇ ಎತ್ತಿಡಿ. ಜಾಹೀರಾತು ಕಂಪನಿಯ ಲೆಕ್ಕದಲ್ಲಿ ನಿಮ್ಮ ಮಗಳು ನೌಕರಳಲ್ಲ, ಸ್ವಂತ ಉದ್ಯೋಗಿ. ಹಾಗಾಗಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಸಾಮಾನ್ಯವಾಗಿ ಯಾರೂ ಮೊದಲೇ ತೆರಿಗೆ ಕಡಿದುಕೊಳ್ಳುವುದಿಲ್ಲ. ಅವರ ವರ್ಷದ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಸ್ವಂತ ಉದ್ಯೋಗದ ತೆರಿಗೆ ಬೀಳುತ್ತದೆ. ಸಾವಿರ ಡಾಲರ್‌ಗೆ ಸುಮಾರು 141 ಡಾಲರ್ ಅಲ್ಲಿಗೇ ಹೋಗುತ್ತದೆ, ಆದಾಯ ತೆರಿಗೆ ಇದ್ದರೆ ಅದು ಬೇರೆ. ಹಣದ ಬದಲು ಶೂ ಕೊಟ್ಟರೂ ಅದರ ಮಾರುಕಟ್ಟೆ ಬೆಲೆ ಆದಾಯವೇ. ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಬಂದದ್ದರಲ್ಲಿ ಮೂರನೇ ಒಂದು ಪಾಲನ್ನು ಮುಟ್ಟದೆ ಇಡಿ. ಕುಟುಂಬದ ಆದಾಯ ನೋಡಿ ಕೊಡುವ ಶಿಕ್ಷಣ ನೆರವನ್ನು ಪಡೆಯುತ್ತಿದ್ದರೆ, ದೊಡ್ಡ ಒಪ್ಪಂದಕ್ಕೆ ಮುನ್ನ ಆ ಕಚೇರಿಗೆ ಹೋಗಿ, ಮುಂದಿನ ವರ್ಷಗಳಲ್ಲಿ ಎಷ್ಟು ಕಡಿಮೆಯಾಗಬಹುದು ಎಂದು ಲೆಕ್ಕ ಹಾಕಿಸಿಕೊಳ್ಳಿ.